ಹದಿಹರೆಯದ ಹೊಟ್ಟೆಗೆ ಒಳಗಿನಿಂದ ಹೊಲಿಗೆ

ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು ಎಡಮಗ್ಗುಲಿಗೆ ಮಲಗಿಸುತ್ತಾರೆ. ಬಾಯಿಯ ಮೂಲಕ ಎಂಡೋಸ್ಕೋಪ್ ಅನ್ನನಾಳ ದಾಟಿ ಜಠರಕ್ಕೆ ಇಳಿಯುತ್ತದೆ. ಕ್ಯಾಮೆರಾದ ಜೊತೆಗೇ ಅದರ ತುದಿಯಲ್ಲಿ ಒಂದು ಬಾಗಿದ ಸೂಜಿ, ಪಕ್ಕದಲ್ಲಿ ತಿರುಪಿನ ಆಕಾರದ ಸಣ್ಣ ಕೊಕ್ಕೆ. ಕೊಕ್ಕೆ ಜಠರದ ಗೋಡೆಯನ್ನು ಹಿಡಿದು ಎಳೆದುಕೊಳ್ಳುತ್ತದೆ, ಸೂಜಿ ಆ ಗೋಡೆಯ ಪೂರ್ತಿ ದಪ್ಪಕ್ಕೂ ದಾರ ಹಾಯಿಸುತ್ತದೆ. ಮುಂದಿನ ಗೋಡೆಗೆ ಒಂದು, ಹೊರ ಅಂಚಿಗೆ ಒಂದು, ಹಿಂದಿನ ಗೋಡೆಗೆ ಒಂದು, ಹೀಗೆ ಸಾಲಾಗಿ ದಾರ ಹಾಕಿ ಬಿಗಿದಾಗ ಜಠರ ಒಳಗೊಳಗೇ ಮಡಚಿಕೊಂಡು ಕಿರಿದಾದ ಕೊಳವೆಯಾಗುತ್ತದೆ. ಒಂದರಿಂದ ಒಂದೂವರೆ ಗಂಟೆಯ ಕೆಲಸ. ಹೊಟ್ಟೆಯ ಮೇಲೆ ಒಂದು ಗೀರೂ ಬೀಳುವುದಿಲ್ಲ.

ಎಂಡೋಸ್ಕೋಪಿಕ್ ಸ್ಲೀವ್ ಗ್ಯಾಸ್ಟ್ರೋಪ್ಲಾಸ್ಟಿ ಎಂಬುದು ಇದರ ಪೂರ್ಣ ಹೆಸರು. ವೈದ್ಯರು ಚುಟುಕಾಗಿ ಇಎಸ್‌ಜಿ ಎನ್ನುತ್ತಾರೆ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಶಸ್ತ್ರವೈದ್ಯ ಆಯೆದ್ ಅಲ್‌ಖಹ್ತಾನಿ ಅವರ ತಂಡ 109 ಮಕ್ಕಳು ಮತ್ತು ಹದಿಹರೆಯದವರಿಗೆ ಈ ಚಿಕಿತ್ಸೆ ನೀಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ವರ್ಷದಲ್ಲಿ ಅವರ ಮೈತೂಕ ಸರಾಸರಿ ಶೇ 16ರಷ್ಟು ಇಳಿದಿತ್ತು. ಎರಡನೇ ವರ್ಷದ ಹೊತ್ತಿಗೆ ಆ ಇಳಿಕೆ ಶೇ 14ರ ಆಸುಪಾಸಿನಲ್ಲಿತ್ತು.

ಕೊಯ್ಯುವುದಿಲ್ಲ, ಕಲೆ ಉಳಿಯುವುದಿಲ್ಲ, ಬೇಗ ಮನೆಗೆ ಹೋಗಬಹುದು. ಮಗುವಿನ ತೂಕದ ಚಿಂತೆಯಲ್ಲಿ ಬೇಯುತ್ತಿರುವ ಯಾವ ತಂದೆತಾಯಿಗಾದರೂ ಇದು ಆಸೆ ಹುಟ್ಟಿಸುವ ಮಾತೇ. ಆ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಹದಿನೈದರ ಮಗುವಿನ ಮುಂದೆ ಇನ್ನೂ ಐದಾರು ದಶಕಗಳ ಬದುಕಿದೆ. ಗಾಯ ಎಷ್ಟು ಚಿಕ್ಕದು ಎಂದು ಕೇಳುವ ಮೊದಲು, ಹತ್ತು ವರ್ಷದ ನಂತರ ಆ ಮಗು ಹೇಗಿರುತ್ತದೆ ಎಂದು ಕೇಳಬೇಕು. ಆ ಪ್ರಶ್ನೆಗೆ ಕೆಲವು ಚಿಕಿತ್ಸೆಗಳ ಬಳಿ ಈಗ ಉತ್ತರವಿದೆ. ಕೆಲವುಗಳ ಬಳಿ ಇನ್ನೂ ಇಲ್ಲ.

ಉಜ್ಜಿದರೂ ಹೋಗದ ಕಪ್ಪು

ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಗೆ, ಒರಟಾಗಿ ದಪ್ಪಗಾಗುತ್ತದೆ. ಎಣ್ಣೆನೀರು ಹಾಕುವಾಗ ತಾಯಂದಿರು ಅದನ್ನು ಕೊಳೆ ಎಂದುಕೊಂಡು ಉಜ್ಜಿ ಉಜ್ಜಿ ಸೋಲುತ್ತಾರೆ. ರಕ್ತದಲ್ಲಿ ಇನ್ಸುಲಿನ್ ವಿಪರೀತ ಏರಿದೆ ಎಂಬುದಕ್ಕೆ ಚರ್ಮ ತೋರಿಸುವ ಗುರುತು ಅದು. ಇಂಥ ಮಕ್ಕಳಲ್ಲಿ ಇನ್ನೂ ಕೆಲವು ಲಕ್ಷಣಗಳು ಜೊತೆಯಾಗಿಯೇ ಬರುತ್ತವೆ. ರಾತ್ರಿ ಜೋರು ಗೊರಕೆ, ನಡುನಡುವೆ ಉಸಿರು ಕಟ್ಟಿ ಎಚ್ಚರ, ಮರುದಿನ ಕ್ಲಾಸಿನಲ್ಲಿ ತೂಕಡಿಕೆ. ಮೆಟ್ಟಿಲು ಹತ್ತಿದರೆ ಮಂಡಿನೋವು. ಹುಡುಗಿಯರಲ್ಲಿ ಮುಟ್ಟಿನ ಏರುಪೇರು. ಸ್ಕ್ಯಾನ್ ಮಾಡಿಸಿದರೆ ಫ್ಯಾಟಿ ಲಿವರ್. ‘ಬೆಳೆಯೋ ಮಕ್ಕಳು, ಎತ್ತರ ಬಂದಾಗ ತಾನೇ ಕರಗುತ್ತೆ ಬಿಡಿ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ತೂಕ ಈ ಮಟ್ಟಕ್ಕೆ ಏರಿದ ಮಕ್ಕಳಲ್ಲಿ ಆ ಮಾತು ನಿಜವಾಗುವುದು ಅಪರೂಪ.

ಮಕ್ಕಳ ಬೊಜ್ಜು ಶ್ರೀಮಂತ ದೇಶಗಳ ಕಾಯಿಲೆ ಎಂಬ ಕಾಲ ಮುಗಿದಿದೆ. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ, ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು, 2022ರಲ್ಲಿ 1.25 ಕೋಟಿ. ಇದೇ ವಯಸ್ಸಿನ ಮಕ್ಕಳಲ್ಲಿ ಕಡಿಮೆ ತೂಕದವರಿಗಿಂತ ಬೊಜ್ಜಿನವರೇ ಹೆಚ್ಚಾಗಿದ್ದಾರೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಯುನಿಸೆಫ್ ಹೇಳಿತು. ಜಗತ್ತಿನ ಮಟ್ಟದಲ್ಲಿ ಹೀಗಾದದ್ದು ಇದೇ ಮೊದಲು.

ಇವರೆಲ್ಲರಿಗೂ ಆಪರೇಷನ್ ಬೇಕಿಲ್ಲ. ಊಟ, ನಿದ್ದೆ, ಆಟ, ಮೊಬೈಲಿನ ಮುಂದೆ ಕಳೆಯುವ ಹೊತ್ತು, ಇವುಗಳನ್ನು ಮನೆಮಂದಿಯೆಲ್ಲ ಸೇರಿ ತಿದ್ದಿಕೊಳ್ಳುವುದೇ ಮೊದಲ ಚಿಕಿತ್ಸೆ. ಅದನ್ನೂ ಬಾಯಿಮಾತಿನ ಉಪದೇಶದಲ್ಲಿ ಮುಗಿಸುವಂತಿಲ್ಲ. ಮೂರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆಯಾದರೂ ತಜ್ಞರು ಮಗು ಮತ್ತು ಕುಟುಂಬದ ಜೊತೆ ಕೂರಬೇಕು ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ. ಅದೇ ಮಾರ್ಗಸೂಚಿ, ತೀವ್ರ ಬೊಜ್ಜು ಇರುವ 13 ವರ್ಷ ದಾಟಿದ ಮಕ್ಕಳನ್ನು ಶಸ್ತ್ರಚಿಕಿತ್ಸಾ ತಜ್ಞರ ಬಳಿಗೂ ಕಳಿಸಬೇಕು ಎಂದಿತು.

ಶಸ್ತ್ರಚಿಕಿತ್ಸೆಗೆ ಪರಿಗಣಿಸುವಷ್ಟು ತೀವ್ರ ಎಂದರೆ ಎಷ್ಟು? ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆಯಂಥ ತೊಡಕುಗಳಿದ್ದರೆ, ಅಥವಾ ತೊಡಕಿಲ್ಲದಿದ್ದರೂ ಬಿಎಂಐ 40 ದಾಟಿದ್ದರೆ. ಚಿಕ್ಕ ವಯಸ್ಸಿನವರಿಗೆ ಆಯಾ ವಯಸ್ಸಿನ ಬೊಜ್ಜಿನ ಗಡಿಗಿಂತ ಶೇ 20 ಮತ್ತು ಶೇ 40ರಷ್ಟು ಮೇಲೆ ಎಂಬ ಲೆಕ್ಕವೂ ಇದೆ. ಶಾಲೆಯಲ್ಲಿ ‘ಡುಮ್ಮ’, ‘ಡುಮ್ಮಿ’ ಎಂದು ಕರೆಸಿಕೊಳ್ಳುವ ಎಲ್ಲ ಮಕ್ಕಳೂ ಈ ಸಾಲಿಗೆ ಬರುವುದಿಲ್ಲ.

ಈ ಸಾಲಿಗೆ ಬರುವ ಮಕ್ಕಳಿಗೆ ‘ಬಾಯಿ ಕಟ್ಟು’ ಎಂದು ಗದರುವುದರಿಂದ ಪ್ರಯೋಜನವಿಲ್ಲ. ಹಸಿವು, ತೃಪ್ತಿ ಎರಡನ್ನೂ ಆಳುವುದು ಜೀನ್‌ಗಳು ಮತ್ತು ಹಾರ್ಮೋನುಗಳು. ಒಮ್ಮೆ ಏರಿದ ತೂಕವನ್ನು ಇಳಿಸಹೊರಟರೆ ದೇಹ ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ ಹಳೆಯ ತೂಕಕ್ಕೇ ಮರಳಲು ಹೆಣಗುತ್ತದೆ. ಇದಕ್ಕೆ ಮಗುವನ್ನು ದೂರಿ ಫಲವಿಲ್ಲ.

ಸುಮ್ಮನೆ ಕಾಯುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಹದಿಹರೆಯದಲ್ಲಿ ಬರುವ ಟೈಪ್ 2 ಮಧುಮೇಹ ದೊಡ್ಡವರ ಮಧುಮೇಹಕ್ಕಿಂತ ವೇಗವಾಗಿ ಹದಗೆಡುತ್ತದೆ. ಅಮೆರಿಕದ ‘ಟುಡೇ’ ಅಧ್ಯಯನದಲ್ಲಿ 699 ಮಕ್ಕಳು, ಯುವಕರಿಗೆ ಚಿಕಿತ್ಸೆ ಕೊಟ್ಟು ನೋಡಲಾಯಿತು. ಬರೀ ಮೆಟ್‌ಫಾರ್ಮಿನ್ ಮಾತ್ರೆಯಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಸಕ್ಕರೆ ಹತೋಟಿಗೆ ಬರಲಿಲ್ಲ. ಅವರನ್ನೇ ವರ್ಷಾನುಗಟ್ಟಲೆ ಹಿಂಬಾಲಿಸಿ 2021ರಲ್ಲಿ ಕೊಟ್ಟ ವರದಿ ಇನ್ನೂ ಕಠೋರ. ಸರಾಸರಿ 26ನೇ ವಯಸ್ಸಿಗೇ ಶೇ 60ರಷ್ಟು ಮಂದಿಯ ಕಣ್ಣು, ಮೂತ್ರಪಿಂಡ ಅಥವಾ ನರಗಳಿಗೆ ಪೆಟ್ಟು ಬಿದ್ದಿತ್ತು.

ಸಣ್ಣ ರಂಧ್ರಗಳ ದಾರಿ

ಇಂದು ಹದಿಹರೆಯದವರಿಗೆ ಹೆಚ್ಚಾಗಿ ಮಾಡುವುದು ಲ್ಯಾಪ್ರೊಸ್ಕೋಪಿ ಮೂಲಕದ ಸ್ಲೀವ್ ಶಸ್ತ್ರಚಿಕಿತ್ಸೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಕಾರ್ಬನ್ ಡೈಆಕ್ಸೈಡ್ ತುಂಬಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಬಾಯಿಯಿಂದ ಇಳಿಸಿದ ಸುಮಾರು 12 ಮಿಲಿಮೀಟರ್ ದಪ್ಪದ ಕೊಳವೆಯನ್ನು ಅಳತೆಗೆ ಇಟ್ಟುಕೊಂಡು, ಅದರ ಪಕ್ಕಕ್ಕೆ ಸ್ಟೇಪ್ಲರ್ ಹಿಡಿಯುತ್ತಾರೆ. ಒಂದೇ ಒತ್ತಿಗೆ ಅದು ಎರಡೂ ಬದಿಗೆ ಪಿನ್ನುಗಳ ಸಾಲು ಹಾಕಿ ನಡುವೆ ಕತ್ತರಿಸುತ್ತದೆ. ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಹೊರಬಂದು, ಒಳಗೆ ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ ಮಾತ್ರ ಉಳಿಯುತ್ತದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಬೈಪಾಸ್ ಎಂಬ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವನ್ನಷ್ಟೇ ಬೇರ್ಪಡಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಸೇರಿಸುತ್ತಾರೆ.

ಜಠರ ಚಿಕ್ಕದಾಯಿತು, ಆದ್ದರಿಂದ ಊಟ ಕಡಿಮೆಯಾಯಿತು ಎಂಬುದು ಅರ್ಧ ವಿವರಣೆ ಮಾತ್ರ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಘ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಹಸಿವಾಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಈ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಭಾಗವೂ ಅದೇ. ಆಹಾರ ಬೇಗ ಕರುಳಿಗೆ ಇಳಿಯುವುದರಿಂದ ತೃಪ್ತಿ ಕೊಡುವ, ಇನ್ಸುಲಿನ್‌ಗೆ ಇಂಬಾಗುವ ಹಾರ್ಮೋನುಗಳೂ ಏರುತ್ತವೆ. ತೂಕ ಗಣನೀಯವಾಗಿ ಇಳಿಯುವ ಮುನ್ನವೇ ಹಲವರಲ್ಲಿ ಸಕ್ಕರೆ ಹತೋಟಿಗೆ ಬರುವುದು ಇದರಿಂದ. ಇಎಸ್‌ಜಿಯಲ್ಲಿ ಆ ಮೇಲ್ಭಾಗ ಹಾಗೆಯೇ ಉಳಿಯುತ್ತದೆ. ಅಲ್ಲಿ ಜಠರ ನಿಧಾನವಾಗಿ ಖಾಲಿಯಾಗಿ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುತ್ತದೆ. ಎರಡೂ ಸ್ಲೀವ್ ಎಂಬ ಹೆಸರು ಹಂಚಿಕೊಂಡಿದ್ದರೂ ದೇಹದೊಳಗೆ ಅವು ಮಾಡುವ ಕೆಲಸ ಒಂದೇ ಅಲ್ಲ.

ಐದು ಆಸ್ಪತ್ರೆ, 242 ಮಕ್ಕಳು

ಹದಿಹರೆಯದವರಿಗೆ ಈ ಶಸ್ತ್ರಚಿಕಿತ್ಸೆ ಮಾಡಬಹುದೇ ಎಂಬ ವಾದಕ್ಕೆ ಗಟ್ಟಿ ಆಧಾರ ಒದಗಿಸಿದ್ದು ಅಮೆರಿಕದ ‘ಟೀನ್ ಲ್ಯಾಬ್ಸ್’ ಅಧ್ಯಯನ. ಸಿನ್ಸಿನಾಟಿ, ಕೊಲಂಬಸ್, ಹ್ಯೂಸ್ಟನ್, ಪಿಟ್ಸ್‌ಬರ್ಗ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳ ಐದು ಕೇಂದ್ರಗಳಲ್ಲಿ 2007ರಿಂದ ಆಪರೇಷನ್ ಮಾಡಿಸಿಕೊಂಡ 242 ಮಂದಿಯನ್ನು ವೈದ್ಯರು ಬಿಡದೆ ಹಿಂಬಾಲಿಸಿದರು. ಅವರ ಸರಾಸರಿ ವಯಸ್ಸು 17, ಸರಾಸರಿ ಬಿಎಂಐ 53. ಐದು ಅಡಿ ಮೂರು ಇಂಚಿನ ಹುಡುಗಿಗೆ ಅದು ಸುಮಾರು 135 ಕೆ.ಜಿ. ತೂಕ.

ಮೂರು ವರ್ಷದ ನಂತರ ಅವರ ತೂಕ ಸರಾಸರಿ ಶೇ 27ರಷ್ಟು ಇಳಿದಿತ್ತು. ಟೈಪ್ 2 ಮಧುಮೇಹ ಇದ್ದವರಲ್ಲಿ ಶೇ 95 ಮಂದಿಗೆ ಅದು ಹಿಮ್ಮೆಟ್ಟಿತ್ತು. ಏರಿದ ಬಿಪಿ ಶೇ 74 ಮಂದಿಯಲ್ಲಿ ಸರಿಯಾಗಿತ್ತು. ಆ 135 ಕೆ.ಜಿ.ಯ ಹುಡುಗಿಯ ಲೆಕ್ಕದಲ್ಲಿ ಹೇಳುವುದಾದರೆ, ಶೇ 27 ಎಂದರೆ 36 ಕೆ.ಜಿ. ಇಳಿಕೆ. ಆಗಲೂ ಅವಳ ತೂಕ 99 ಕೆ.ಜಿ., ಬಿಎಂಐ 38ರ ಮೇಲೆಯೇ. ಕನ್ನಡಿಯ ಮುಂದೆ ಅವಳು ಇನ್ನೂ ದಪ್ಪವೇ. ಆದರೆ ಅವಳ ರಕ್ತದ ಸಕ್ಕರೆ ಹತೋಟಿಯಲ್ಲಿದೆ, ರಾತ್ರಿ ಉಸಿರು ಕಟ್ಟುವುದಿಲ್ಲ, ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಬಲ್ಲಳು. ತೆಳ್ಳಗಾಗುವುದೇ ಗುರಿ ಎಂದುಕೊಂಡು ಬರುವ ಕುಟುಂಬಕ್ಕೆ ಇದನ್ನು ಆಪರೇಷನ್‌ಗೆ ಮುಂಚೆಯೇ ಬಿಡಿಸಿ ಹೇಳಬೇಕು. ಇಲ್ಲವಾದರೆ ಗೆದ್ದ ಮಗುವೂ ಸೋತೆ ಎಂದುಕೊಳ್ಳುತ್ತದೆ.

ಚಿಕ್ಕ ವಯಸ್ಸಿನಲ್ಲೇ ಮಾಡಿಸುವುದರ ಲಾಭವೂ ಈ ಅಧ್ಯಯನದಿಂದಲೇ ಗೊತ್ತಾಯಿತು. ಹದಿಹರೆಯದಲ್ಲಿ ಬೈಪಾಸ್ ಮಾಡಿಸಿಕೊಂಡವರನ್ನು, ಹದಿಹರೆಯದಿಂದಲೇ ಬೊಜ್ಜು ಇದ್ದು ದೊಡ್ಡವರಾದ ಮೇಲೆ ಮಾಡಿಸಿಕೊಂಡವರ ಜೊತೆ ಹೋಲಿಸಿ 2019ರಲ್ಲಿ ವರದಿ ಬಂತು. ಐದು ವರ್ಷದ ನಂತರ ತೂಕದ ಇಳಿಕೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಮಧುಮೇಹ ಹಿಮ್ಮೆಟ್ಟಿದ್ದು ಮಾತ್ರ ಕಿರಿಯರಲ್ಲಿ ಶೇ 86, ಹಿರಿಯರಲ್ಲಿ ಶೇ 53. ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿ ದಣಿದು ಕೈಚೆಲ್ಲುವ ಮೊದಲೇ ಚಿಕಿತ್ಸೆ ಸಿಕ್ಕಿದರೆ ಅದು ಚೇತರಿಸಿಕೊಳ್ಳಬಲ್ಲದು.

2024ರಲ್ಲಿ ಹತ್ತು ವರ್ಷದ ಫಲಿತಾಂಶ ಬಂತು. ಬಿಎಂಐ ಇಳಿಕೆ ಸರಾಸರಿ ಶೇ 20ರಲ್ಲಿ ನಿಂತಿತ್ತು. ಮಧುಮೇಹ ಹಿಮ್ಮೆಟ್ಟಿದ ಸ್ಥಿತಿಯಲ್ಲೇ ಇದ್ದವರು ಶೇ 55. ಮೊದಲಿನ 95 ಈಗ 55ಕ್ಕೆ ಇಳಿದಿದೆ ಎಂಬುದನ್ನು ಮರೆಮಾಚಬೇಕಿಲ್ಲ. ಕೆಲವರಲ್ಲಿ ಸಕ್ಕರೆ ಮರಳಿ ಬರುತ್ತದೆ. ಆದರೂ ದೇಹ ಬೆಳೆದು ರೂಪುಗೊಳ್ಳುವ, ಓದು, ಉದ್ಯೋಗ, ಮದುವೆ, ಹೆರಿಗೆಯ ಆ ಹತ್ತು ವರ್ಷ ಅರ್ಧಕ್ಕಿಂತ ಹೆಚ್ಚು ಮಂದಿ ಮಧುಮೇಹದಿಂದ ದೂರ ಇದ್ದರು ಎಂಬುದು ಬೇರೆ ಯಾವ ಚಿಕಿತ್ಸೆಯೂ ಇದುವರೆಗೆ ತೋರಿಸದ ಫಲ.

ಇನ್ನೊಂದು ಪುಟವನ್ನೂ ಓದಲೇಬೇಕು. ಮೂರು ವರ್ಷದೊಳಗೆ ಶೇ 13 ಮಂದಿಗೆ ಹೊಟ್ಟೆಯ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. ಶೇ 57 ಮಂದಿಯಲ್ಲಿ ಕಬ್ಬಿಣಾಂಶದ ಸಂಗ್ರಹ ತಗ್ಗಿತ್ತು. ಸ್ವೀಡನ್ನಿನಲ್ಲಿ 2006ರಿಂದ 2009ರ ನಡುವೆ ಬೈಪಾಸ್ ಮಾಡಿಸಿಕೊಂಡ 81 ಹದಿಹರೆಯದವರ ಐದು ವರ್ಷದ ಲೆಕ್ಕವೂ ಇದನ್ನೇ ಹೇಳುತ್ತದೆ. ಅವರಲ್ಲಿ ಕಾಲು ಭಾಗಕ್ಕೆ ಮತ್ತೆ ಆಪರೇಷನ್ ಆಯಿತು. ಶೇ 72 ಮಂದಿಗೆ ಒಂದಲ್ಲ ಒಂದು ಪೋಷಕಾಂಶದ ಕೊರತೆ ಕಾಣಿಸಿತು. ಹದಿಹರೆಯದವರು ದಿನವೂ ವಿಟಮಿನ್ ಮಾತ್ರೆ ನುಂಗುವುದನ್ನು ದೊಡ್ಡವರಿಗಿಂತ ಬೇಗ ಬಿಟ್ಟುಬಿಡುತ್ತಾರೆ. ಬೈಪಾಸ್ ಆದವರಿಗೆ ಮದ್ಯ ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಹದಿನೆಂಟರ ಹೊಸ್ತಿಲಿನಲ್ಲಿ ಇರುವವರಿಗೆ ಇದನ್ನು ಸಂಕೋಚವಿಲ್ಲದೆ ಹೇಳಬೇಕು.

ಸುಲಭದ ದಾರಿಗಳು ಹಿಂದೆಯೂ ಇದ್ದವು

ಕಡಿಮೆ ಗಾಯ, ಬೇಕೆಂದಾಗ ಹಿಂದಿರುಗಬಹುದು ಎಂಬ ಭರವಸೆ ಇಎಸ್‌ಜಿಯಿಂದ ಶುರುವಾದದ್ದಲ್ಲ. 1985ರಲ್ಲಿ ಅಮೆರಿಕದಲ್ಲಿ ಜಠರದೊಳಗೆ ಇಡುವ ಬಲೂನಿಗೆ ಅನುಮತಿ ಸಿಕ್ಕಿತು. ಹುಣ್ಣು, ತಾನಾಗಿ ಗಾಳಿ ಇಳಿದು ಕರುಳಿನಲ್ಲಿ ಸಿಕ್ಕಿಕೊಳ್ಳುವ ತೊಂದರೆಗಳಿಂದ ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ಸುಧಾರಿಸಿದ ಬಲೂನುಗಳು 2015ರಲ್ಲಿ ಅಲ್ಲಿಗೆ ಮರಳಿದವು. ಆರು ತಿಂಗಳಿಗೆ ಹೊರತೆಗೆಯಬೇಕಾದ ಅವು ಇದ್ದಷ್ಟು ದಿನ ತೂಕ ಇಳಿಸುತ್ತವೆ, ತೆಗೆದ ಮೇಲೆ ತೂಕ ಮರಳುವುದು ಸಾಮಾನ್ಯ.

ಹದಿಹರೆಯದವರ ಮಟ್ಟಿಗೆ ಹೆಚ್ಚು ಪಾಠ ಕಲಿಸಿದ್ದು ಬ್ಯಾಂಡ್. ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಕಟ್ಟಿ, ಬೇಕಾದಂತೆ ಬಿಗಿ ಅಥವಾ ಸಡಿಲ ಮಾಡುವ ವಿಧಾನ ಅದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 14ರಿಂದ 18 ವರ್ಷದ 50 ಮಂದಿಯನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಎರಡು ವರ್ಷದಲ್ಲಿ ಬ್ಯಾಂಡ್ ಗುಂಪು ಸರಾಸರಿ 34.6 ಕೆ.ಜಿ. ಇಳಿಯಿತು, ಜೀವನಶೈಲಿ ಚಿಕಿತ್ಸೆಯ ಗುಂಪು 3 ಕೆ.ಜಿ. 2010ರಲ್ಲಿ ಈ ಫಲಿತಾಂಶ ಬಂದಾಗ ಎಲ್ಲೆಡೆ ಹುಮ್ಮಸ್ಸು. ಆದರೆ ಅದೇ ವರದಿಯಲ್ಲಿ, ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಎರಡೇ ವರ್ಷದೊಳಗೆ ಮತ್ತೆ ಆಪರೇಷನ್ ಆಗಿತ್ತು ಎಂಬ ಸಾಲೂ ಇತ್ತು. ಮುಂದೆ ಪಟ್ಟಿ ಜಾರುವುದು, ಜಠರವನ್ನು ಕೊರೆಯುವುದು ಹೆಚ್ಚುತ್ತ ಹೋಗಿ, ಒಂದು ಕಾಲದಲ್ಲಿ ಮನೆಮಾತಾಗಿದ್ದ ಬ್ಯಾಂಡ್ ಇಂದು ಬಹುತೇಕ ಮೂಲೆ ಸೇರಿದೆ.

ಇಎಸ್‌ಜಿಯ ಹಣೆಬರಹವೂ ಹೀಗೇ ಎಂದು ಹೇಳಲಾಗದು. ಅಮೆರಿಕದಲ್ಲಿ 209 ವಯಸ್ಕರ ಮೇಲೆ ನಡೆದ ‘ಮೆರಿಟ್’ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಒಂದು ವರ್ಷದಲ್ಲಿ ಮೈತೂಕ ಶೇ 13.6ರಷ್ಟು ಇಳಿದಿತ್ತು, ಹೋಲಿಕೆಯ ಗುಂಪಿನಲ್ಲಿ ಶೇ 0.8. ಗಂಭೀರ ತೊಂದರೆ ಕಂಡದ್ದು ಶೇ 2 ಮಂದಿಯಲ್ಲಿ. ಅದೇ ವರ್ಷ ಅಮೆರಿಕದ ಔಷಧ ಆಡಳಿತ ಈ ಹೊಲಿಗೆ ಸಾಧನಕ್ಕೆ ಅನುಮತಿ ಕೊಟ್ಟಿತು. ಆದರೆ ಆ ಅನುಮತಿ ವಯಸ್ಕರಿಗೆ. ರಿಯಾದ್‌ನ 109 ಮಂದಿಯ ಸರಾಸರಿ ಬಿಎಂಐ 33ರ ಆಸುಪಾಸಿನಲ್ಲಿತ್ತು. ಟೀನ್ ಲ್ಯಾಬ್ಸ್‌ನ 53ಕ್ಕೂ ಇದಕ್ಕೂ ಅಜಗಜಾಂತರ. ತೀವ್ರ ಬೊಜ್ಜಿನ ಮಗುವಿಗೆ ಒಳಹೊಲಿಗೆ ಎಷ್ಟು ವರ್ಷ ಬಾಳುತ್ತದೆ, ಸಡಿಲವಾದರೆ ಮುಂದೇನು, ಮಧುಮೇಹ ಎಷ್ಟು ಕಾಲ ದೂರ ಇರುತ್ತದೆ ಎಂಬುದು ಇನ್ನೂ ತಿಳಿದಿಲ್ಲ. ಅಂಥ ಹತ್ತು ವರ್ಷದ ಲೆಕ್ಕ ಸ್ಲೀವ್, ಬೈಪಾಸ್‌ಗಳಿಗಿದೆ. ಹದಿಹರೆಯದವರ ಇಎಸ್‌ಜಿಗೆ ಅದು ಇನ್ನು ಮುಂದೆ ಸೇರಬೇಕು.

ಈ ನಡುವೆ ಚುಚ್ಚುಮದ್ದುಗಳು ಬಂದಿವೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಅನ್ನು 201 ಹದಿಹರೆಯದವರಲ್ಲಿ ಪರೀಕ್ಷಿಸಿದಾಗ 68 ವಾರದಲ್ಲಿ ಬಿಎಂಐ ಶೇ 16ರಷ್ಟು ಇಳಿಯಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಅದನ್ನು 12 ವರ್ಷ ಮೇಲ್ಪಟ್ಟವರಿಗೆ ಒಪ್ಪಿತು. ಭಾರತದ ಮಾರುಕಟ್ಟೆಗೆ 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಇಂಥದೇ ಚುಚ್ಚುಮದ್ದು, ಜೂನ್‌ನಲ್ಲಿ ಸೆಮಾಗ್ಲುಟೈಡ್‌ನ ವಿಗೋವಿ ಬಂದವು. ಇಎಸ್‌ಜಿ ಕೊಡುವಷ್ಟೇ ಇಳಿಕೆಯನ್ನು ಈಗ ಮದ್ದೂ ಕೊಡುತ್ತಿದೆ. ಮದ್ದು ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು ಎಂದು ವಯಸ್ಕರ ಅಧ್ಯಯನ ತೋರಿಸಿದೆ. ಹದಿನೈದಕ್ಕೆ ಶುರು ಮಾಡಿದ ಚುಚ್ಚುಮದ್ದನ್ನು ಎಲ್ಲಿಯವರೆಗೆ ಮುಂದುವರಿಸುವುದು ಎಂಬುದನ್ನು ಕುಟುಂಬ ಮೊದಲೇ ಯೋಚಿಸಬೇಕು.

ಇಲ್ಲಿನ ಮನೆಗಳಲ್ಲಿ

ಕರ್ನಾಟಕದಲ್ಲಿ ಈ ವಿಷಯ ಮಾತಿಗೆ ಬಂದಾಗಲೆಲ್ಲ ಒಂದು ಗೊಂದಲ ಎದುರಾಗುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ಬೆನ್ನಿಗೇ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡಾಗ, ‘ಬೊಜ್ಜಿನ ಆಪರೇಷನ್ನೇ ಹೀಗೆ’ ಎಂದು ಬಹಳ ಜನ ಬೆಚ್ಚಿದರು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಅಂದಕ್ಕಾಗಿ ಮಾಡುವ ಚಿಕಿತ್ಸೆ. ಅದರಿಂದ ಸಕ್ಕರೆಯಾಗಲಿ ಲಿವರ್ ಆಗಲಿ ಸರಿಹೋಗುವುದಿಲ್ಲ. ಜಠರ ಕಿರಿದು ಮಾಡುವ ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ. ಅಪಾಯ ಎರಡರಲ್ಲೂ ಇದೆ, ಆದರೆ ಬೇರೆ ಬೇರೆ ಬಗೆಯದು.

ಇನ್ನೊಂದು ತೊಡಕು ಹಣದ್ದು. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ನಿಯಮದಂತೆ, ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗಬೇಕಾದರೆ ರೋಗಿಗೆ 18 ತುಂಬಿರಬೇಕು, ಬಿಎಂಐ 40 ಆಗಿರಬೇಕು ಅಥವಾ ಗಂಭೀರ ತೊಡಕುಗಳ ಜೊತೆ 35 ಇರಬೇಕು. ಬೇಗ ಮಾಡಿಸಿದರೆ ಲಾಭ ಹೆಚ್ಚು ಎಂದು ಅಧ್ಯಯನ ಹೇಳುವ ವಯಸ್ಸಿನಲ್ಲಿ ವಿಮೆಯ ಬಾಗಿಲು ಮುಚ್ಚಿದೆ. ಹದಿನಾರರ ಮಗುವಿಗೆ ಮಧುಮೇಹ ಕಾಣಿಸಿಕೊಂಡ ಮನೆ, ಕೈಯಿಂದ ಹಣ ಹಾಕಬೇಕು ಇಲ್ಲವೇ ಎರಡು ವರ್ಷ ಕಾಯಬೇಕು. ಈ ನಿಯಮವನ್ನು ಮಕ್ಕಳ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ನ್ಯಾಯ.

ಊಟದ ತಟ್ಟೆಯದೂ ಒಂದು ಮಾತಿದೆ. ವಿಟಮಿನ್ ಬಿ12 ಅನ್ನು ದೇಹ ಹೀರಿಕೊಳ್ಳಲು ಜಠರದ ಗೋಡೆ ಸ್ರವಿಸುವ ಒಂದು ಅಂಶ ಬೇಕು. ಜಠರದ ಬಹುಭಾಗ ಹೋದರೆ ಅದೂ ತಗ್ಗುತ್ತದೆ. ಸಸ್ಯಾಹಾರಿ ಮನೆಗಳ ಮಕ್ಕಳಲ್ಲಿ ಬಿ12 ಕೊರತೆ ಮೊದಲೇ ಸಾಮಾನ್ಯ. ಅಂಗೈಯಷ್ಟು ಊಟ ಮಾತ್ರ ಹಿಡಿಸುವ ಹೊಟ್ಟೆಗೆ ಅನ್ನ ಸಾರು ತುಂಬಿಬಿಟ್ಟರೆ ಪ್ರೋಟೀನಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ಮೊಳಕೆಕಾಳು, ಬೇಳೆ, ಮೊಸರು, ಪನೀರ್, ತಿನ್ನುವವರಾದರೆ ಮೊಟ್ಟೆ ಮೀನು ಮೊದಲು, ಅನ್ನ ಮುದ್ದೆ ಆಮೇಲೆ ಎಂಬ ಕ್ರಮವನ್ನು ಆಹಾರತಜ್ಞರು ಹಾಕಿಕೊಡುತ್ತಾರೆ. ಊಟದ ಜೊತೆ ನೀರು ಕುಡಿಯುವಂತಿಲ್ಲ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿ1 ಕೊರತೆಯಾದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು.

ಆಸ್ಪತ್ರೆಗೆ ಹೋಗುವ ತಂದೆತಾಯಿ ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಹದಿನೆಂಟರ ಒಳಗಿನ ಎಷ್ಟು ಮಂದಿಗೆ ಇಲ್ಲಿ ಈ ಚಿಕಿತ್ಸೆ ಮಾಡಿದ್ದೀರಿ? ಅವರಲ್ಲಿ ಎಷ್ಟು ಜನ ಐದು ವರ್ಷದ ನಂತರವೂ ತಪಾಸಣೆಗೆ ಬರುತ್ತಿದ್ದಾರೆ? ತಂಡದಲ್ಲಿ ಮಕ್ಕಳ ವೈದ್ಯರು, ಹಾರ್ಮೋನು ತಜ್ಞರು, ಆಹಾರತಜ್ಞರು, ಮನೋವೈದ್ಯರು ಇದ್ದಾರೆಯೇ? ಸ್ಲೀವ್ ಬೇಡ, ಇಎಸ್‌ಜಿ ಸಾಕು ಎನ್ನುವುದಾದರೆ ಈ ಮಗುವಿನ ಬಿಎಂಐಗೆ ಆ ಮಾತಿನ ಆಧಾರವೇನು? ಎಲ್ಲಕ್ಕಿಂತ ಮೊದಲು, ಮಗುವನ್ನು ಒಬ್ಬಂಟಿಯಾಗಿ ಕೂರಿಸಿಕೊಂಡು ಯಾರಾದರೂ ಮಾತಾಡಿದ್ದಾರೆಯೇ? ಸಹಿ ಹಾಕುವವರು ತಂದೆತಾಯಿ ಇರಬಹುದು, ಆದರೆ ಜೀವಮಾನವಿಡೀ ಮಾತ್ರೆ ನುಂಗಬೇಕಾದದ್ದು, ಸ್ವಲ್ಪವೇ ಉಣ್ಣಬೇಕಾದದ್ದು ಆ ಮಗು. ಅದಕ್ಕೆ ಮನಸ್ಸಿಲ್ಲದಿದ್ದರೆ ಆಪರೇಷನ್ ಮುಂದೂಡುವುದೇ ಸರಿ.

ಅತಿ ಹೆಚ್ಚು ಮಕ್ಕಳು ತಪಾಸಣೆಯಿಂದ ಕೈತಪ್ಪಿ ಹೋಗುವುದು ಪಿಯುಸಿ ಮುಗಿಸಿ ಬೇರೆ ಊರಿಗೆ ಹೊರಡುವ ವಯಸ್ಸಿನಲ್ಲಿ. ಮಕ್ಕಳ ವೈದ್ಯರು ‘ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ’ ಎನ್ನುತ್ತಾರೆ, ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆಯ ಕ್ರಮ ಕೇಳುವವರಿಲ್ಲ, ಮಾತ್ರೆ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ರಕ್ತಹೀನತೆ, ಮೂಳೆ ಸವೆತ ನೋವಿಲ್ಲದೆ ಬೆಳೆಯುವುದು ಈ ವರ್ಷಗಳಲ್ಲೇ. ಮದುವೆಯಾಗುವ ಹುಡುಗಿಯರಿಗೆ ಇನ್ನೂ ಒಂದು ಎಚ್ಚರ ಬೇಕು. ತೂಕ ಇಳಿದಂತೆ ಮುಟ್ಟು ಸರಿಹೋಗಿ ಬೇಗ ಗರ್ಭ ನಿಲ್ಲುತ್ತದೆ, ಆದರೆ ಆಪರೇಷನ್ ಆದ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆ ಬೇಡ ಎಂಬುದು ವೈದ್ಯರ ಸಲಹೆ. ಡಿಸ್ಚಾರ್ಜ್ ದಿನವೇ ಮುಂದಿನ ತಪಾಸಣೆಗಳ ವೇಳಾಪಟ್ಟಿ ಬರೆಸಿಕೊಂಡು, ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12, ವಿಟಮಿನ್ ಡಿ, ಸಕ್ಕರೆ ಪರೀಕ್ಷೆ ಮಾಡಿಸಬೇಕು. ಫೈಲಿನ ಒಂದು ಪ್ರತಿ ಮಗುವಿನ ಬಳಿಯೂ ಇರಬೇಕು. ಓದಲು ಹೋದ ಊರಿನಲ್ಲಿ ಅದನ್ನು ತೋರಿಸಲು ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು ಕಾಲೇಜು ಸೀಟು, ಹಾಸ್ಟೆಲ್ ರೂಮು ಹುಡುಕುವಾಗಲೇ ಮುಗಿಸಬೇಕಾದ ಕೆಲಸ.